ಕಲೆಯ ಚರಿತ್ರೆ ಯಾರ ಸೊತ್ತು?

ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನಗಳಲ್ಲಿ ದುಡಿಯುವವರ ಮನೆಗಳಲ್ಲಿ ಪ್ರತಿ ವರ್ಷವೂ ಒಂದೇ ಚರ್ಚೆ. ಮಗ ಏನು ಓದಬೇಕು? ಮಗಳನ್ನು ಯಾವ ಕಾಲೇಜಿಗೆ ಸೇರಿಸಬೇಕು? ಓದು ಮುಗಿದ ಮೇಲೆ ತಿಂಗಳಿಗೆ ಎಷ್ಟು ರೂಪಾಯಿ ಮನೆಗೆ ಬಂದೀತು? ಈ ಲೆಕ್ಕ ಹಾಕುವುದು ತಪ್ಪೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ರಾತ್ರಿ ಪಾಳಿ ಮುಗಿಸಿ ಬಂದ ತಂದೆ, ಉದ್ರಿ ವಸೂಲಾಗದೆ ಅಂಗಡಿಯ ಬಾಗಿಲು ಹಾಕಿಕೊಂಡು ಬಂದ ವ್ಯಾಪಾರಿ, ಇವರು ಹಾಕದೆ ಇನ್ನಾರು ಹಾಕಬೇಕು? ಅಂಥ ಮನೆಯ ಹುಡುಗಿಯೊಬ್ಬಳು ‘ನಾನು ಕಲೆಯ ಇತಿಹಾಸವನ್ನು ಪದವಿಗೆ ಓದುತ್ತೇನೆ’ ಎಂದಳೆನ್ನಿ. ನೆರೆಹೊರೆಯವರಿಂದ ಬರುವ ಉತ್ತರ ಗೊತ್ತೇ ಇದೆ: ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ!

ಗಾದೆ ಸುಳ್ಳಲ್ಲ. ಆದರೆ ಆ ಮಲ್ಲಿಗೆಯನ್ನು ಬೆಳೆದವರು ಯಾರು, ಕಟ್ಟಿದವರು ಯಾರು, ಕೊನೆಗೆ ಮುಡಿದವರು ಯಾರು ಎಂಬ ಪ್ರಶ್ನೆಯನ್ನು ಗಾದೆ ಕೇಳುವುದಿಲ್ಲ. ಕೇಳಬೇಕಾದುದು ಸಮಾಜವಾದಿಗಳ ಕೆಲಸ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು. ಬಿ.ಎ. ಓದುವವರನ್ನೆಲ್ಲ ‘ಆರ್ಟ್ಸ್’ ಓದುವವರೆಂದು ಕರೆಯುವುದು ನಮ್ಮಲ್ಲಿ ರೂಢಿ. ನಾವು ಹೇಳುತ್ತಿರುವುದು ಅದಲ್ಲ. ಚಿತ್ರ, ಶಿಲ್ಪ, ಕಟ್ಟಡ, ನೇಯ್ಗೆ, ಲೋಹದ ಎರಕ ಇವುಗಳನ್ನು ಯಾರು ಮಾಡಿದರು, ಹೇಗೆ ಮಾಡಿದರು, ಯಾರ ಹಣದಿಂದ ಮಾಡಿದರು, ಯಾರಿಗಾಗಿ ಮಾಡಿದರು, ಮಾಡಿದ ವಸ್ತು ಈಗ ಎಲ್ಲಿದೆ ಎಂದು ವಿಚಾರಿಸುವ ಶಾಸ್ತ್ರವೇ ಕಲಾ ಇತಿಹಾಸ. ಚಿತ್ರ ಬರೆಯಲು ಕಲಿಸುವ ಓದು ಬೇರೆ, ಇದು ಬೇರೆ.

ಈ ಓದಿನ ವಿಷಯ 2014ರ ಜನವರಿ 30ರಂದು ಒಂದು ಕಾರ್ಖಾನೆಯೊಳಗೇ ಎದ್ದಿತು. ಅಮೆರಿಕದ ಅಂದಿನ ಅಧ್ಯಕ್ಷ ಬರಾಕ್ ಒಬಾಮಾ ವಿಸ್ಕಾನ್ಸಿನ್ ಸಂಸ್ಥಾನದ ವಾಕೆಶಾದಲ್ಲಿರುವ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕಾರ್ಖಾನೆಯಲ್ಲಿ ಭಾಷಣ ಮಾಡುತ್ತ, ಕಲಾ ಇತಿಹಾಸದ ಪದವಿಗಿಂತ ಕೈಕಸುಬಿನ ಕೌಶಲ ಕಲಿತವನು ಹೆಚ್ಚು ಸಂಪಾದಿಸಬಲ್ಲನೆಂದರು. ಕೇಳಿದವರು ನಕ್ಕರು. ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಆ ವಿಷಯ ಕಲಿಸುವ ಅಧ್ಯಾಪಕಿಯೊಬ್ಬರು ನಗಲಿಲ್ಲ, ಪ್ರತಿಭಟಿಸಿ ಬರೆದರು. ಅಧ್ಯಕ್ಷರು ತಮ್ಮ ಕೈಬರಹದಲ್ಲೇ ಕ್ಷಮೆ ಕೋರಿ, ಶಾಲಾ ದಿನಗಳಲ್ಲಿ ತಮಗೆ ಅಚ್ಚುಮೆಚ್ಚಾಗಿದ್ದ ವಿಷಯಗಳಲ್ಲಿ ಅದೂ ಒಂದೆಂದು ಉತ್ತರಿಸಿದರು.

ಒಬಾಮಾ ಹೇಳಿದ್ದರಲ್ಲಿ ಸತ್ಯವಿರಲಿಲ್ಲವೆಂದು ನಾವು ವಾದಿಸುವುದಿಲ್ಲ. ಕೌಶಲವುಳ್ಳ ಫಿಟ್ಟರನಿಗೆ, ಟರ್ನರನಿಗೆ ಒಳ್ಳೆಯ ಕೂಲಿ ಸಿಗುವುದಾದರೆ ಅದಕ್ಕಿಂತ ಸಂತೋಷದ ಮಾತು ನಮಗೆ ಇನ್ನಾವುದು? ನಮ್ಮ ತಕರಾರು ಬೇರೆ. ಈ ಉಪದೇಶವನ್ನು ಯಾವಾಗಲೂ ಕಾರ್ಖಾನೆಯಲ್ಲಿ ನಿಂತು ಕಾರ್ಮಿಕರಿಗೇ ಮಾಡುತ್ತಾರೆ. ಬಂಡವಾಳಗಾರರ ಮಕ್ಕಳ ಮುಂದೆ ನಿಂತು ‘ನೀವು ಕಲೆಯ ಇತಿಹಾಸ ಓದಬೇಡಿ, ಬೆಸುಗೆ ಕೆಲಸ ಕಲಿಯಿರಿ’ ಎಂದು ಹೇಳಿದ ರಾಜಕಾರಣಿಯನ್ನು ನಾವು ಕಂಡಿಲ್ಲ.

ಇಂಗ್ಲೆಂಡಿನ ಕಥೆ ನೋಡಿದರೆ ಇದು ಇನ್ನೂ ನಿಚ್ಚಳವಾಗುತ್ತದೆ. ಆ ದೇಶದಲ್ಲಿ ಕಲಾ ಇತಿಹಾಸವನ್ನು ಮೊಟ್ಟಮೊದಲು ಪದವಿಯ ವಿಷಯವಾಗಿ ಕಲಿಸಿದ್ದು 1932ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಕೋರ್ಟಾಲ್ಡ್ ಸಂಸ್ಥೆ. ಅದಕ್ಕೆ ಹೆಸರನ್ನೂ ಹಣವನ್ನೂ ಕೊಟ್ಟ ಸ್ಯಾಮ್ಯುಯಲ್ ಕೋರ್ಟಾಲ್ಡ್ ಯಾರು? ಗಿರಣಿ ಮಾಲೀಕ. ಮರದ ತಿರುಳಿನಿಂದ ನೂಲು ತೆಗೆದು ‘ಕೃತಕ ರೇಷ್ಮೆ’ ಎಂದು ಮಾರುವ ವಿದ್ಯೆಯ ಹಕ್ಕನ್ನು 1904ರಲ್ಲಿ ಕೊಂಡುಕೊಂಡ ಕಂಪನಿ ಅವನ ಮನೆತನದ್ದು. ನಾವು ರೇಯಾನ್ ಎನ್ನುವುದು ಅದನ್ನೇ. ಹರಿಹರದ ಪಕ್ಕದ ಕುಮಾರಪಟ್ಟಣದ ಕಾರ್ಖಾನೆಗಳಲ್ಲಿ ದುಡಿದವರಿಗೆ ಆ ತಿರುಳು, ಆ ನಾರು, ಅದರ ರಾಸಾಯನಿಕಗಳ ವಾಸನೆ ಇವು ಹೊಸತಲ್ಲ. ಆ ಕೆಲಸದಲ್ಲಿ ಬಳಸುವ ಕಾರ್ಬನ್ ಡೈಸಲ್ಫೈಡ್ ನರಗಳಿಗೆ ವಿಷವೆಂಬುದೂ ಹೊಸತಲ್ಲ. ಇಂಗ್ಲೆಂಡಿನ ಅಂಥ ಗಿರಣಿಗಳ ಲಾಭದಿಂದ ಸ್ಯಾಮ್ಯುಯಲ್ ಕೋರ್ಟಾಲ್ಡ್ ಫ್ರಾನ್ಸಿನ ಚಿತ್ರಗಳನ್ನು ಕೊಂಡ. ಮಾನೆ ಬರೆದ, ಮದ್ಯದಂಗಡಿಯ ಕೌಂಟರಿನ ಹಿಂದೆ ದಣಿದ ಕಣ್ಣುಗಳಿಂದ ನಿಂತ ಕೆಲಸದ ಹುಡುಗಿಯ ಚಿತ್ರ ಅವುಗಳಲ್ಲೊಂದು. ಸೆಜಾನ್ ಬರೆದ, ಇಸ್ಪೀಟಾಡುತ್ತ ಕುಳಿತ ರೈತಾಳುಗಳ ಚಿತ್ರ ಇನ್ನೊಂದು. ಹೀಗೆ ದುಡಿಯುವವರ ಚಿತ್ರಗಳನ್ನು ದುಡಿಯುವವರ ಬೆವರಿನಿಂದ ಕೊಂಡದ್ದಾಯಿತು. ಆತ ಅವನ್ನು ಸಾರ್ವಜನಿಕ ಸಂಸ್ಥೆಗೆ ದಾನ ಮಾಡಿದ; ಆ ಉದಾರತೆಯನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಚಿತ್ರಗಳ ಮುಂದೆ ಕುಳಿತು ಪಾಠ ಕೇಳುವ ಯೋಗ ನೂಲುವವರ ಮಕ್ಕಳಲ್ಲಿ ಎಷ್ಟು ಜನರಿಗೆ ಬಂತು?

ಒಂದು ಕಾಲಕ್ಕೆ ಸ್ವಲ್ಪ ಜನರಿಗಾದರೂ ಬಂತು. 1962ರ ಶಿಕ್ಷಣ ಕಾನೂನಿನ ಪ್ರಕಾರ ಬ್ರಿಟನ್ನಿನಲ್ಲಿ ಪದವಿಗೆ ಸೇರಿದ ಬಡ ವಿದ್ಯಾರ್ಥಿಗೆ ಶುಲ್ಕವೂ ಊಟ-ವಸತಿಯ ವೆಚ್ಚವೂ ಸರ್ಕಾರದಿಂದ ಸಿಗುತ್ತಿತ್ತು. 1998ರಲ್ಲಿ ವರ್ಷಕ್ಕೆ 1,000 ಪೌಂಡು ಶುಲ್ಕ ಬಂತು. 2006ರಲ್ಲಿ ಇಂಗ್ಲೆಂಡಿನಲ್ಲಿ ಅದು 3,000 ಆಯಿತು, 2012ರಲ್ಲಿ 9,000 ಆಯಿತು. ಸಾಲ ಮಾಡಿ ಓದಬೇಕಾದ ಹುಡುಗ ಸಂಬಳದ ಲೆಕ್ಕ ಹಾಕದೆ ಇರುತ್ತಾನೆಯೇ? ಪದವಿಗೆ ಮುಂಚಿನ ‘ಎ ಲೆವೆಲ್’ ಪರೀಕ್ಷೆಯಲ್ಲಿ ಈ ವಿಷಯವನ್ನು ಕಲಿಸುತ್ತಿದ್ದವು ಹೆಚ್ಚಾಗಿ ಶುಲ್ಕದ ಖಾಸಗಿ ಶಾಲೆಗಳೇ. 2016ರ ಅಕ್ಟೋಬರಿನಲ್ಲಿ ಅದನ್ನು ನಡೆಸುತ್ತಿದ್ದ ಒಂದೇ ಒಂದು ಮಂಡಳಿಯೂ ಪರೀಕ್ಷೆಯನ್ನು ಕೈಬಿಡುವುದಾಗಿ ಸಾರಿತು. ಅಧ್ಯಾಪಕರೂ ಕಲಾವಿದರೂ ಗದ್ದಲವೆಬ್ಬಿಸಿದ ಮೇಲೆ ಇನ್ನೊಂದು ಮಂಡಳಿ ಅದನ್ನು ವಹಿಸಿಕೊಂಡು 2017ರಿಂದ ಪಾಠ ಮುಂದುವರಿಯಿತು. ಬಡವರಿಗೆ ಮೊದಲು ಬಾಗಿಲು ಮುಚ್ಚುವುದು, ಆಮೇಲೆ ‘ಇದು ಶ್ರೀಮಂತರ ಶೋಕಿ, ಬಡವರಿಗೇಕೆ’ ಎಂದು ಹಂಗಿಸುವುದು: ಇದೇ ಅದರ ಕ್ರಮ.

ಇನ್ನು ಈ ಓದಿನಲ್ಲಿ ನಮಗೇನಿದೆ ಎಂಬ ಪ್ರಶ್ನೆಗೆ ಬರೋಣ. ರಾಜ ಕಟ್ಟಿಸಿದ, ರಾಣಿ ಮಾಡಿಸಿದಳು ಎಂದು ಶಾಲೆಯ ಪಾಠಪುಸ್ತಕ ಹೇಳುತ್ತದೆ. ಕಲ್ಲಿನ ಹತ್ತಿರ ಹೋಗಿ ಓದಿದರೆ ಬೇರೆ ಸಂಗತಿ ಹೊರಬರುತ್ತದೆ.

ಸಾಂಚಿಯ ದೊಡ್ಡ ಸ್ತೂಪದ ದಕ್ಷಿಣ ದ್ವಾರದ ಮೇಲೆ ಎರಡು ಸಾವಿರ ವರ್ಷಗಳ ಹಿಂದಿನ ಬರಹವಿದೆ. ಅಲ್ಲಿನ ಕೆತ್ತನೆಯನ್ನು ವಿದಿಶೆಯ ದಂತದ ಕೆಲಸಗಾರರು ಮಾಡಿದರೆಂದು ಅದು ಹೇಳುತ್ತದೆ. ಅದೇ ದ್ವಾರದ ಇನ್ನೊಂದು ಬರಹದಲ್ಲಿ ಸಾತಕರ್ಣಿ ರಾಜನ ಕುಶಲಕರ್ಮಿಗಳ ಮುಖ್ಯಸ್ಥ ಆನಂದನ ಹೆಸರಿದೆ. ನಮ್ಮ ಮಾತಿನಲ್ಲಿ ಮೇಸ್ತ್ರಿ, ಗಿರಣಿಯಲ್ಲಾದರೆ ಜಾಬರ್. ಆ ಸ್ತೂಪಕ್ಕೆ ಕಲ್ಲು ಕೊಟ್ಟವರ ನೂರಾರು ಹೆಸರುಗಳಲ್ಲಿ ರಾಜರು ಅಪರೂಪ. ವರ್ತಕರು, ನೇಕಾರರು, ಗೃಹಸ್ಥರು, ಭಿಕ್ಷುಣಿಯರು ಹೇರಳ.

ಮಧ್ಯಪ್ರದೇಶದ ಮಂದಸೋರಿನ ಶಾಸನವನ್ನಂತೂ ನಮ್ಮ ನೇಯ್ಗೆಯ ಬಂಧುಗಳು ತಿಳಿಯಲೇಬೇಕು. ಗುಜರಾತಿನ ಲಾಟ ದೇಶದಿಂದ ರೇಷ್ಮೆ ನೇಕಾರರ ಸಂಘವೊಂದು ಆ ಊರಿಗೆ ವಲಸೆ ಬಂತು. ಕೆಲವರು ಮಗ್ಗದಲ್ಲೇ ಉಳಿದರು. ಕೆಲವರು ಬಿಲ್ವಿದ್ಯೆಗೆ, ಕೆಲವರು ಜ್ಯೋತಿಷಕ್ಕೆ ಹೋದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟವರು ಕಸುಬು ಬದಲಿಸುವುದು ಇಂದು ನಿನ್ನೆಯದಲ್ಲ! ಆ ಸಂಘ ತನ್ನ ಸ್ವಂತ ಹಣದಿಂದ ಕ್ರಿ.ಶ. 436ರಲ್ಲಿ ಸೂರ್ಯನ ಗುಡಿ ಕಟ್ಟಿಸಿ, 473ರಲ್ಲಿ ಅದನ್ನು ದುರಸ್ತಿ ಮಾಡಿಸಿತು. ಜೊತೆಗೆ ಶಾಸನದಲ್ಲಿ ತಮ್ಮ ರೇಷ್ಮೆ ಬಟ್ಟೆಯ ಹೊಗಳಿಕೆಯನ್ನೂ ಬರೆಯಿಸಿಕೊಂಡರು. ವ್ಯಾಪಾರಿ ಮಿತ್ರರು ಇದನ್ನು ಕೇಳಿ ನಕ್ಕಾರು; ಜಾಹೀರಾತಿನ ಇತಿಹಾಸವೂ ಕಲೆಯ ಇತಿಹಾಸದಲ್ಲಿಯೇ ಇದೆ.

ನಮ್ಮ ನಾಡಿಗೆ ಬಂದರೆ, ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಕಟ್ಟಿದವನು ಗುಂಡ ಅನಿವಾರಿತಾಚಾರಿ. ಅವನಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಂದದ್ದನ್ನು ಅಲ್ಲಿಯ ಶಾಸನವೇ ಹೇಳುತ್ತದೆ. ಸೋಮನಾಥಪುರಕ್ಕೆ ಸೋಮನಾಥ ದಂಡನಾಯಕನ ಹೆಸರು ಬಂದದ್ದು ಎಲ್ಲರಿಗೂ ಗೊತ್ತು. ಆದರೆ 1268ರ ಆ ದೇವಾಲಯದ ಗೋಡೆಯ ವಿಗ್ರಹಗಳ ಅಡಿಯಲ್ಲಿ ಮಲ್ಲಿತಮ್ಮ ಎಂಬ ರೂವಾರಿ ಮತ್ತೆ ಮತ್ತೆ ತನ್ನ ಹೆಸರು ಕೊರೆದಿದ್ದಾನೆ. ಎಷ್ಟೋ ಕಡೆ ‘ಮ’ ಎಂಬ ಒಂದೇ ಅಕ್ಷರ. ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಆ ದೇವಾಲಯದ ಮೇಲೆ 1917ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ಹೆಸರುಗಳನ್ನು ದಾಖಲಿಸಿದರು. ಆರು ನೂರು ವರ್ಷ ಜನ ವಿಗ್ರಹಕ್ಕೆ ಕೈಮುಗಿದರು. ಅದರ ಕಾಲ ಕೆಳಗಿದ್ದ ಕೆಲಸಗಾರನ ಹೆಸರನ್ನು ಓದಲು ಅದಕ್ಕೆಂದೇ ತರಬೇತಾದ ಕಣ್ಣು ಬೇಕಾಯಿತು. ಇಂಥ ಕಣ್ಣನ್ನು ಕೊಡುವುದೇ ಈ ಓದಿನ ಕೆಲಸ.

ಇನ್ನೊಂದು ನಿದರ್ಶನ ಅಂಗಡಿಕಾರರಿಗೆ ವಿಶೇಷವಾಗಿ ಹಿಡಿಸೀತು. ಹಿಮಾಲಯದ ತಪ್ಪಲಿನ ಪಹಾಡಿ ಚಿತ್ರಗಳು ಜಗತ್ಪ್ರಸಿದ್ಧ. ಅವುಗಳನ್ನು ವಿದ್ವಾಂಸರು ಬಹುಕಾಲ ಗುಲೇರ್ ಶೈಲಿ, ಕಾಂಗ್ಡಾ ಶೈಲಿ, ಬಸೋಲಿ ಶೈಲಿ ಎಂದು ಸಂಸ್ಥಾನಗಳ ಹೆಸರಿನಲ್ಲಿ ವಿಂಗಡಿಸುತ್ತಿದ್ದರು. ಬರೆದವನು ಯಾರೋ, ಹೆಸರು ರಾಜ್ಯದ್ದು. 1958ರಲ್ಲಿ ಐ.ಎ.ಎಸ್. ಹುದ್ದೆಗೆ ರಾಜೀನಾಮೆ ಕೊಟ್ಟು ಈ ವಿಷಯದ ಹಿಂದೆ ಬಿದ್ದ ಬಿ.ಎನ್. ಗೋಸ್ವಾಮಿಯವರು ಒಂದು ಉಪಾಯ ಕಂಡರು. ಹರಿದ್ವಾರ ಮೊದಲಾದ ತೀರ್ಥಗಳಲ್ಲಿ ಪಂಡಾಗಳು ಯಾತ್ರಿಕರ ಹೆಸರು, ತಂದೆ-ತಾತಂದಿರ ಹೆಸರು, ಊರು, ಜಾತಿ ಬರೆದಿಡುವ ‘ಬಹಿ’ಗಳಿವೆ. ನಮ್ಮ ವ್ಯಾಪಾರಿಗಳ ವಹಿಯೂ ಅದೇ ಮಾತು. ಆ ಲೆಕ್ಕದ ಪುಸ್ತಕಗಳನ್ನು ತಿರುವಿ ಹಾಕಿ ಚಿತ್ರಗಾರರ ವಂಶಗಳನ್ನೇ ಅವರು ಹೊರತೆಗೆದರು. ಗುಲೇರಿನ ಪಂಡಿತ ಸೇವು, ಅವನ ಮಕ್ಕಳು ಮಾನಕು ಮತ್ತು ನೈನಸುಖ, ಅವರ ಮಕ್ಕಳು-ಮೊಮ್ಮಕ್ಕಳು. ಮೂಲದಲ್ಲಿ ಅವರು ಬಡಗಿಗಳ ಕುಲದವರು! ಶೈಲಿಗೆ ಆಧಾರ ರಾಜ್ಯವಲ್ಲ, ಚಿತ್ರಗಾರರ ಕುಟುಂಬ ಎಂದು 1968ರಲ್ಲಿ ಅವರು ಬರೆದ ಲೇಖನದಿಂದ ಆ ಶಾಸ್ತ್ರದ ದಿಕ್ಕೇ ಬದಲಾಯಿತು. ರಾಜನ ಖಾತೆಯಲ್ಲಿ ಜಮೆಯಾಗಿದ್ದುದು ದುಡಿದವನ ಖಾತೆಗೆ ವರ್ಗವಾಯಿತು.

ಹೆಸರಿನ ಮಾತು ಹಾಗಿರಲಿ, ಸೊತ್ತಿನ ಮಾತೂ ಇದೆ. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ಎಂಬ ಹಳ್ಳಿಯ ಗುಡಿಯಿಂದ ಚೋಳರ ಕಾಲದ ಕಂಚಿನ ನಟರಾಜ ವಿಗ್ರಹ ಕಳುವಾಯಿತು. 2008ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ಯಾಲರಿ ಅದನ್ನು ಸುಮಾರು 50 ಲಕ್ಷ ಡಾಲರಿಗೆ ಕೊಂಡಿತು. ಮಾರಿದವನು ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್. 2011ರಲ್ಲಿ ಅವನ ಬಂಧನವಾಯಿತು, 2022ರಲ್ಲಿ ಕುಂಭಕೋಣದ ನ್ಯಾಯಾಲಯ ಇಂಥದೇ ವಿಗ್ರಹ ಕಳ್ಳತನದ ಮೊಕದ್ದಮೆಯಲ್ಲಿ ಅವನಿಗೆ 10 ವರ್ಷಗಳ ಸಜೆ ವಿಧಿಸಿತು. ವಿಗ್ರಹ 2014ರಲ್ಲಿ ಭಾರತಕ್ಕೆ ಮರಳಿತು. ಮರಳಿದ್ದು ಹೇಗೆ? ಪಾಂಡಿಚೇರಿಯ ಫ್ರೆಂಚ್ ಸಂಸ್ಥೆ ಹಳ್ಳಿಹಳ್ಳಿಯ ಗುಡಿಗಳ ವಿಗ್ರಹಗಳ ಫೋಟೋ ತೆಗೆದು ಜೋಪಾನ ಮಾಡಿತ್ತು. ಗ್ಯಾಲರಿಯ ವಿಗ್ರಹವನ್ನು ಆ ಫೋಟೋದೊಂದಿಗೆ ಹೋಲಿಸಿ ಇದು ಅದೇ ಎಂದು ತೋರಿಸಲಾಯಿತು. ಪೊಲೀಸನ ಲಾಠಿಯಿಂದ ಮಾತ್ರ ಆಗದ ಕೆಲಸವನ್ನು ನೋಡಲು ಬಲ್ಲ ಕಣ್ಣು, ದಾಖಲೆ ಇಡಬಲ್ಲ ಕೈ ಮಾಡಿದವು. ಹಳ್ಳಿಯ ಜನರ ಸೊತ್ತನ್ನು ಕಾಯುವ ಈ ವಿದ್ಯೆಯನ್ನು ಶೋಕಿ ಎನ್ನಲಾದೀತೆ?

ನಮ್ಮ ದೇಶದಲ್ಲಿ ಈ ವಿದ್ಯೆಯ ಸ್ಥಿತಿ ಹೇಗಿದೆ? ಕಲ್ಕತ್ತ ವಿಶ್ವವಿದ್ಯಾನಿಲಯ 1921ರಲ್ಲಿಯೇ ಭಾರತೀಯ ಕಲೆಗೆ ಪ್ರಾಧ್ಯಾಪಕ ಪೀಠವನ್ನು ಸ್ಥಾಪಿಸಿ ಅವನೀಂದ್ರನಾಥ ಠಾಕೂರರನ್ನು ಕೂರಿಸಿತು. ಸ್ವಾತಂತ್ರ್ಯ ಬಂದ ಮೇಲೆ ಬರೋಡಾದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ 1950ರಲ್ಲಿ ಲಲಿತಕಲೆಗಳ ವಿಭಾಗ ಆರಂಭವಾಗಿ, ಕಲೆಯ ಇತಿಹಾಸವೂ ಪದವಿಯ ಓದಾಯಿತು. ಶಾಂತಿನಿಕೇತನದ ಕಲಾಭವನದಲ್ಲೂ ಅದು ಪದವಿಯ ವಿಷಯ. ಆದರೆ ನೂರು ವರ್ಷಗಳ ಮೇಲೂ ಇಂಥ ಕಡೆಗಳನ್ನು ಬೆರಳಲ್ಲಿ ಎಣಿಸಬಹುದು. ಕರ್ನಾಟಕದಲ್ಲಿ ಮೈಸೂರು, ಬೆಂಗಳೂರು, ದಾವಣಗೆರೆ, ಕಲಬುರಗಿಗಳಲ್ಲಿ ದೃಶ್ಯಕಲಾ ಕಾಲೇಜುಗಳಿವೆ; ಅಲ್ಲಿ ಚಿತ್ರ ಬರೆಯಲು ಸೇರಿದವರು ಇತಿಹಾಸವನ್ನೂ ಒಂದಿಷ್ಟು ಓದುತ್ತಾರೆ. ಕುಂಚ ಹಿಡಿಯದ, ಆದರೆ ನೋಡುವ ಮತ್ತು ವಿಚಾರಿಸುವ ಹಸಿವುಳ್ಳ ಸಾಮಾನ್ಯ ವಿದ್ಯಾರ್ಥಿಯೊಬ್ಬ ತನ್ನ ಊರಿನ ಸರ್ಕಾರಿ ಕಾಲೇಜಿನ ಬಿ.ಎ. ತರಗತಿಯಲ್ಲಿ ಇತಿಹಾಸ, ಅರ್ಥಶಾಸ್ತ್ರಗಳ ಪಕ್ಕದಲ್ಲಿ ಇದನ್ನೂ ಆರಿಸಿಕೊಳ್ಳುವಂತಿರಬೇಕಲ್ಲವೇ? ಅದಕ್ಕೆ ದಾರಿಯಿಲ್ಲ. ಒಳ್ಳೆಯ ಪುಸ್ತಕಗಳು ಬಹುಪಾಲು ಇಂಗ್ಲಿಷಿನಲ್ಲಿ. ಬೆಲೆಯೋ, ಕಾರ್ಮಿಕನ ವಾರದ ಕೂಲಿಯನ್ನು ನುಂಗುವಷ್ಟು. ಕನ್ನಡದ ರೂವಾರಿ ಕನ್ನಡದಲ್ಲಿ ಕೊರೆದ ಹೆಸರನ್ನು ಅವನ ಮರಿಮಕ್ಕಳು ಇಂಗ್ಲಿಷಿನಲ್ಲಿ ಓದಿ ತಿಳಿಯಬೇಕಾದ ಅವಮಾನ ಇದು.

ಓದಿದವರಿಗೆ ಕೆಲಸ ಎಲ್ಲಿದೆ ಎಂದು ಕೇಳುವವರಿಗೆ ನಮ್ಮ ಉತ್ತರ ನೇರವಾಗಿದೆ. ಇಂದು ಕೆಲಸ ಕಡಮೆ. ಸುಳ್ಳು ಭರವಸೆ ಕೊಡುವುದು ಈ ಪತ್ರಿಕೆಯ ಕಸುಬಲ್ಲ. ಹಸಿದ ಮನೆಯ ಒಬ್ಬನೇ ಮಗನಿಗೆ ‘ಕಣ್ಣು ಮುಚ್ಚಿ ಇದಕ್ಕೇ ಸೇರು’ ಎಂದು ನಾವು ಹೇಳುವುದಿಲ್ಲ. ಆದರೆ ಮಾಡಬೇಕಾದ ಕೆಲಸ ಕಡಮೆಯೆ? ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳು 3,600ಕ್ಕೂ ಹೆಚ್ಚು. ಅವುಗಳಲ್ಲಿ 500ಕ್ಕೂ ಹೆಚ್ಚು ನಮ್ಮ ರಾಜ್ಯದಲ್ಲಿವೆ. 2022ರ ಡಿಸೆಂಬರಿನಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ವರದಿಯಲ್ಲಿ ಬಂದ ಲೆಕ್ಕ ಇದು: ಅಂದಿನ 3,693 ಸ್ಮಾರಕಗಳಲ್ಲಿ 50 ಕಾಣೆ. 14 ನಗರಗಳ ಬೆಳವಣಿಗೆಗೆ ಬಲಿ, 12 ಜಲಾಶಯಗಳಲ್ಲಿ ಮುಳುಗಡೆ, ಉಳಿದ 24 ಎಲ್ಲಿವೆಯೋ ಪತ್ತೆಯೇ ಇಲ್ಲ! ಕಾವಲುಗಾರರಿದ್ದುದು 248 ಕಡೆ ಮಾತ್ರ. ಅಂಗಡಿಯಲ್ಲಿ ಐವತ್ತು ಮೂಟೆ ಕಾಣೆಯಾದರೆ ಲೆಕ್ಕ ಬರೆಯುವವನನ್ನು ಯಜಮಾನ ಸುಮ್ಮನೆ ಬಿಡುತ್ತಾನೆಯೇ? ದೇಶದ ಉಗ್ರಾಣದಲ್ಲಿ ಕಾಣೆಯಾದರೆ ಕೇಳುವವರಿಲ್ಲ. ಕೆಲಸ ಇಲ್ಲದ್ದಲ್ಲ, ಹುದ್ದೆ ಇಲ್ಲದ್ದು ರೋಗ.

ಸಮಾಜವಾದಿಗಳಿಗೆ ಈ ವಿಷಯ ಹೊಸದಲ್ಲ. ಬಟ್ಟೆಯ ವಿನ್ಯಾಸಗಾರನಾಗಿ ಸ್ವತಃ ಬಣ್ಣದ ತೊಟ್ಟಿಗೆ ಕೈಯಿಟ್ಟು ಕಲಿತ ವಿಲಿಯಂ ಮಾರಿಸ್ ಇಂಗ್ಲೆಂಡಿನ ಸಮಾಜವಾದಿ ಚಳವಳಿಯ ಹಿರಿಯರಲ್ಲೊಬ್ಬ. ಲಂಡನ್ನಿನಲ್ಲಿ 1854ರಲ್ಲಿ ದುಡಿಯುವವರಿಗಾಗಿಯೇ ಆರಂಭವಾದ ಕಾಲೇಜಿನಲ್ಲಿ ಜಾನ್ ರಸ್ಕಿನ್‌ನಂಥ ವಿದ್ವಾಂಸ ಚಿತ್ರಕಲೆಯ ಪಾಠ ಹೇಳಿದ. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷೆಯಾಗಿದ್ದ ನಮ್ಮ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಸ್ವಾತಂತ್ರ್ಯಾನಂತರ ಮಂತ್ರಿಗಿರಿಯ ಹಿಂದೆ ಹೋಗದೆ ದೇಶದ ಕುಶಲಕರ್ಮಿಗಳ ಹಿಂದೆ ಹೋದರು. 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ಮುನ್ನಡೆಸಿದರು. ಡಾಕ್ಟರ್ ಲೋಹಿಯಾ ಅವರಂತೂ ಚಳವಳಿ-ಸೆರೆಮನೆಗಳ ನಡುವೆಯೂ ಈ ದೇಶದ ಕಲ್ಲುಗಳ ಅರ್ಥವನ್ನು ಕುರಿತು ಬರೆದವರು. ರೊಟ್ಟಿಯ ಹೋರಾಟಕ್ಕೂ ಸೌಂದರ್ಯದ ಹಕ್ಕಿಗೂ ಜಗಳವಿದೆಯೆಂದು ಇವರಾರೂ ತಿಳಿಯಲಿಲ್ಲ.

ಆದುದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ. ಒಂದು, ರಾಜ್ಯದಲ್ಲಿರುವ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಮೊದಲು ಜಿಲ್ಲೆಗೊಂದರಲ್ಲಿಯಾದರೂ ಕಲಾ ಇತಿಹಾಸವನ್ನು ಬಿ.ಎ. ಪದವಿಯ ಐಚ್ಛಿಕ ವಿಷಯವಾಗಿ ಆರಂಭಿಸಬೇಕು; ಬಾಗಲಕೋಟೆ, ವಿಜಯಪುರ, ಗದಗ, ವಿಜಯನಗರ, ಹಾಸನದಂಥ ಜಿಲ್ಲೆಗಳಲ್ಲಿ ಪ್ರಯೋಗಶಾಲೆ ಊರ ಹೊರಗೇ ಸಿದ್ಧವಿದೆ. ಎರಡು, ಪಾಠವೂ ಪುಸ್ತಕವೂ ಕನ್ನಡದಲ್ಲಿರಬೇಕು. ವಿಶ್ವವಿದ್ಯಾನಿಲಯಗಳು ಸುಲಭ ಬೆಲೆಯಲ್ಲಿ ಅಚ್ಚು ಹಾಕಿಸಬೇಕು. ಮೂರು, ಕಾರ್ಮಿಕರ, ಕುಶಲಕರ್ಮಿಗಳ, ಸಣ್ಣ ವ್ಯಾಪಾರಿಗಳ ಮಕ್ಕಳಿಗೆ ಶುಲ್ಕ ಮಾಫಿ, ವಿದ್ಯಾರ್ಥಿವೇತನ, ಸ್ಮಾರಕಗಳನ್ನು ನೋಡಿಬರುವ ಪ್ರಯಾಣದ ವೆಚ್ಚ ಸಿಗಬೇಕು. ನಾಲ್ಕು, ಪುರಾತತ್ವ ಇಲಾಖೆ ಮತ್ತು ವಸ್ತುಸಂಗ್ರಹಾಲಯಗಳಲ್ಲಿ ದಾಖಲೆ ಮತ್ತು ರಕ್ಷಣೆಯ ಕಾಯಂ ಹುದ್ದೆಗಳನ್ನು ಸೃಷ್ಟಿಸಿ ಈ ಪದವೀಧರರಿಂದ ತುಂಬಬೇಕು. ಗುತ್ತಿಗೆಯ ಹೆಸರಿನಲ್ಲಿ ವಂಚಿಸಬಾರದು. ಐದು, ಪಾಳಿಯ ಕೆಲಸಗಾರರಿಗೂ ಅನುಕೂಲವಾಗುವಂತೆ ಸಂಜೆಯ ತರಗತಿಗಳಿರಬೇಕು. ಫಿಟ್ಟರನಾದವನು ಫಿಟ್ಟರನಾಗಿಯೇ ಇದ್ದು ಬೇಲೂರಿನ ಕಲ್ಲನ್ನು ಬಲ್ಲವನಾಗುವುದಕ್ಕೆ ಅಡ್ಡಿಯೇನು? ಉಳಿ ಹಿಡಿದವನ ಕಷ್ಟ ಪ್ರಾಧ್ಯಾಪಕನಿಗಿಂತ ಅವನಿಗೇ ಬೇಗ ತಿಳಿದೀತು.

ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ಹಳೆಯ ಕಲ್ಲುಗಳ ಹೆಸರಿನಲ್ಲಿ ಜಾತಿಯ ಹೆಮ್ಮೆ, ಮತದ ದ್ವೇಷ ಬಿತ್ತುವವರು ಊರೂರಲ್ಲಿದ್ದಾರೆ. ಅವರಿಗೆ ಬೇಕಾದುದು ಇತಿಹಾಸವಲ್ಲ, ಘೋಷಣೆ. ಕಲ್ಲನ್ನು ಸ್ವತಃ ಓದಬಲ್ಲ ನೂರು ಯುವಕ ಯುವತಿಯರು ಪ್ರತಿ ಜಿಲ್ಲೆಯಲ್ಲಿದ್ದರೆ ಇಂಥವರ ವ್ಯಾಪಾರ ನಡೆಯದು.

ಓದುಗ ಬಂಧುಗಳೇ, ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಈ ಓದಿನ ಆಸೆ ತೋರಿದರೆ ನಗಬೇಡಿ, ಗದರಬೇಡಿ. ಮನೆಯ ಶಕ್ತಿ ಎಷ್ಟೆಂದು ಒಟ್ಟಿಗೆ ಕುಳಿತು ಲೆಕ್ಕ ಹಾಕಿ. ಶಕ್ತಿ ಸಾಲದಿದ್ದರೆ ತಪ್ಪು ಮಗುವಿನ ಆಸೆಯದಲ್ಲ, ಹಣವಿದ್ದವನಿಗೆ ಮಾತ್ರ ಆಸೆಯ ಹಕ್ಕು ಕೊಟ್ಟ ವ್ಯವಸ್ಥೆಯದು. ಆ ವ್ಯವಸ್ಥೆಯನ್ನು ಪ್ರಶ್ನಿಸಲು ನಿಮ್ಮ ಯೂನಿಯನ್ನಿನ ಸಭೆಯಲ್ಲಿ, ವರ್ತಕರ ಸಂಘದ ಸಭೆಯಲ್ಲಿ ಈ ಐದು ಬೇಡಿಕೆಗಳನ್ನು ಠರಾವಾಗಿ ಮಂಡಿಸಿ, ಶಾಸಕರಿಗೂ ವಿಶ್ವವಿದ್ಯಾನಿಲಯದ ಕುಲಪತಿಗಳಿಗೂ ಕಳಿಸಿಕೊಡಿ. ಕೂಲಿ, ಬೋನಸ್ಸು, ತೆರಿಗೆಗಳ ಠರಾವುಗಳ ಜೊತೆಗೆ ಇದೂ ಹೋಗಲಿ. ಕಟ್ಟಿದವರು ನಾವು, ಕಟ್ಟಿದ್ದರ ಕಥೆ ಓದುವ ಹಕ್ಕೂ ನಮ್ಮದೇ.